ಹೋಳಿಗೆಯ ಪ್ರಶ್ನೆ ಕೇಳುವ ನನ್ನ ಬ್ಲಾಗು

ನನ್ನ ಬ್ಲಾಗಿಗೆ ನಿಜವಾದ ಓದುಗರು ಬೆರಳೆಣಿಕೆಯಷ್ಟು. ಅವರಲ್ಲಿ ಮೊದಲನೆಯವಳು ಭದ್ರಾವತಿಯ ನ್ಯೂ ಟೌನಿನಲ್ಲಿರುವ ನನ್ನ ಅಕ್ಕ. ವಿನೋಬನಗರದ ನಮ್ಮ ಮನೆಯಲ್ಲಿ ಕೂತು ನಾನು ಏನೇ ಬರೆದು ಹಾಕಲಿ, ಒಗ್ಗರಣೆ ಸಿಡಿದು ಮುಗಿಯುವಷ್ಟರಲ್ಲಿ ಅವಳ ಕಾಮೆಂಟು ಬಂದಿರುತ್ತಿತ್ತು: "ಚೆನ್ನಾಗಿದೆ. ಸ್ವಲ್ಪ ಉದ್ದ ಆಯ್ತು." ನಾಲ್ಕು ಸಾಲು ಬರೆದರೂ ಅದೇ ಮಾತು. ಅದು ಬರುವವರೆಗೂ ನನಗೆ ಬರೆದ ಸಮಾಧಾನವಿಲ್ಲ.

ಉಳಿದ ಕಾಮೆಂಟುಗಳ ಕಥೆ ಬೇರೆ. ಹಾಗಲಕಾಯಿ ಗೊಜ್ಜಿನ ಬಗ್ಗೆ ಬರೆದಾಗ ಒಬ್ಬ ಪುಣ್ಯಾತ್ಮ ನನ್ನ ಆಳವಾದ ಜ್ಞಾನಕ್ಕೆ ನಮನ ಎಂದು ಇಂಗ್ಲಿಷಿನಲ್ಲಿ ಬರೆದಿದ್ದ. ನಾನು ಉಬ್ಬಿಹೋಗಿ ಧನ್ಯವಾದ ಹೇಳಿ, ಮನೆಯಲ್ಲಿ ಎಲ್ಲರೂ ಆರಾಮವೇ ಎಂದೂ ವಿಚಾರಿಸಿದೆ. ನಮ್ಮ ಮನೆಯವರು ಹಿಂದಿನಿಂದ ಇಣುಕಿ, "ಅವನು ಮನುಷ್ಯನೇ ಅಲ್ಲ ಮಾರಾಯ್ತಿ. ಕೆಳಗೆ ನೋಡು, ಜಿಮ್ ಪೌಡರ್ ಮಾರ್ತಿದಾನೆ," ಎಂದರು. ಹುಡುಕಿದರೆ ನನ್ನ ಅಭಿಮಾನಿ ಬಳಗವೆಲ್ಲ ಅದೇ ಜಾತಿ, ಜಾಹೀರಾತು ಅಂಟಿಸುವ ಯಂತ್ರಗಳು. ಅತ್ತೆಯ ಮಂಡಿನೋವಿನ ಬಗ್ಗೆ ಬರೆದದ್ದರ ಕೆಳಗೆ ಓಟದ ಬೂಟು ಮಾರುತ್ತಿದ್ದವು.

ಮೈಯೆಲ್ಲ ಉರಿಯಿತು. ಅವತ್ತೇ ಬ್ಲಾಗನ್ನು ಹೊಸ ಆವೃತ್ತಿಗೆ ಏರಿಸಿದೆ. ಆ ಗಲಾಟೆಯಲ್ಲಿ ನನ್ನ ಫೋಟೋ ಅಡ್ಡಡ್ಡ ಮಲಗಿಬಿಟ್ಟಿತು, ಮಲಗಲಿ. ಹೊಸದರಲ್ಲಿ ಕಾಮೆಂಟು ಹಾಕುವವರಿಗೆ ನಾವೇ ಒಂದು ಪ್ರಶ್ನೆ ಕೇಳಬಹುದಿತ್ತು. ಸರಿಯುತ್ತರ ಬರೆದವರನ್ನು ಮಾತ್ರ ಒಳಗೆ ಬಿಡುತ್ತದೆ.

"ಎರಡೂ ಎರಡೂ ಎಷ್ಟು ಅಂತ ಕೇಳು," ಎಂದರು ಇವರು.

ಅಷ್ಟು ಲೆಕ್ಕ ಯಂತ್ರಕ್ಕೆ ಬರುವುದಿಲ್ಲವೇ? ಎಲೆಯ ಮುಂದೆ ಕೂತು ಉಂಡವರಿಗೆ ಮಾತ್ರ ಗೊತ್ತಿರುವಂಥದ್ದು ಬೇಕೆಂದು, "ಹೋಳಿಗೆಗೆ ಏನು ಹಾಕಿಕೊಳ್ಳಬೇಕು?" ಎಂದು ಕೇಳಿದೆ. ಉತ್ತರ, ತುಪ್ಪ. ಇದರಲ್ಲಿ ಎರಡು ಮಾತು ಇರಲು ಸಾಧ್ಯವೇ ಇಲ್ಲ ಎಂದು ನಂಬಿದ್ದೆ.

ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಯಿತು. ಯಂತ್ರಗಳೇನೋ ನಿಂತವು, ಮನುಷ್ಯರೂ ನಿಂತರು. ನಮ್ಮೂರಿನದೇ ಗೋಪಾಳ ಬಡಾವಣೆಯ ಓದುಗರೊಬ್ಬರು ಫೋನು ಮಾಡಿ, "ಮೇಡಂ, ಕಾಯಿಹಾಲು ಅಂತ ಹಾಕಿದ್ರೆ ತಗೊಳ್ತಿಲ್ಲ, ನಿಮ್ಮ ಬ್ಲಾಗು ಕೆಟ್ಟಿದೆ," ಎಂದರು. ಕೆಟ್ಟಿರುವುದು ನಿಮ್ಮ ನಾಲಗೆ ಎಂದು ಹೇಳಬೇಕೆನ್ನಿಸಿತು. ಗಡಿ ದಾಟಿ ಬಂದವನು ಒಬ್ಬನೇ, ಆನ್‌ಲೈನಿನಲ್ಲಿ ತುಪ್ಪ ಮಾರುವವನು.

ಅಕ್ಕನ ಸುದ್ದಿ ಮಾತ್ರ ಇಲ್ಲ. ಅವಳಿಗೆ ಪ್ರಶ್ನೆಯ ತೊಡಕು ಇರಲಾರದು, ಇಬ್ಬರೂ ಒಂದೇ ಅಮ್ಮನ ಕೈ ಹೋಳಿಗೆ ತಿಂದವರು. ಅವಳು ಸ್ಕೂಟರ್ ಕಲಿಯುವಾಗ ಎಮ್ಮೆಗೆ ದಾರಿ ಬಿಡಲು ಹೋಗಿ ಚರಂಡಿಗಿಳಿದದ್ದನ್ನು ನಾನು ಆಗಷ್ಟೇ ಬರೆದಿದ್ದೆ. ಅದಕ್ಕೇ ಮುನಿಸು ಎಂದುಕೊಂಡೆ. ಫೋನು ಮಾಡಲು ಬಿಗುಮಾನ. ಅವಳನ್ನು ಹೊಗಳಿ ಇನ್ನೊಂದು ಬರೆದೆ, ಅದಕ್ಕೂ ಮೌನ. ಆಗ ಹೆದರಿಕೆಯಾಯಿತು. ಅಮ್ಮ ಹೋದ ಮೇಲೆ ನನಗೆ ಉದ್ದ ಆಯ್ತು ಎಂದು ಹೇಳುವವಳು ಅವಳೊಬ್ಬಳೇ. ಭಾನುವಾರ ಭದ್ರಾವತಿ ಬಸ್ಸು ಹತ್ತಿದೆ.

ಬಾಗಿಲು ತೆಗೆದವಳೇ, "ಮೆಷಿನ್ ಮನೆಗೆ ಯಾಕೆ ಬಂದೆ?" ಎಂದಳು.

"ಯಾವ ಮೆಷಿನ್ನೇ?"

"ನಾನೇ. ನಿನ್ನ ಬ್ಲಾಗು ಹೇಳ್ತಲ್ಲ. ಹಾಲು ಅಂತ ಹಾಕಿದ್ರೆ, ನೀವು ಮನುಷ್ಯರೆಂದು ಖಾತ್ರಿಯಾಗಿಲ್ಲ ಅನ್ನುತ್ತೆ. ಎಷ್ಟು ಸಲ ಹಾಕಿದ್ರೂ ಅದೇ ರಾಗ."

"ತುಪ್ಪ ಅಂತ ಹಾಕಿದ್ರೆ ಆಗ್ತಿತ್ತಲ್ಲ ಅಕ್ಕ."

"ಯಾಕೆ ಹಾಕ್ಲಿ? ಹೋಳಿಗೆಗೆ ಹಾಲೇ. ನಿನಗೊಂದು ಕಾಮೆಂಟ್ ಹಾಕೋಕೆ ಸುಳ್ಳು ಹೇಳ್ಬೇಕಾ?"

ಸ್ಕೂಟರ್ ವಿಷಯ ಅವಳ ತಲೆಯಲ್ಲೇ ಇರಲಿಲ್ಲ. ಅಲ್ಲಿಗೆ ಸುಮ್ಮನಾಗಬಹುದಿತ್ತು, ಆದರೆ ನನ್ನ ಬಾಯಿ ಕೇಳಬೇಕಲ್ಲ. "ಅಮ್ಮ ತುಪ್ಪಾನೇ ಹಾಕ್ತಿದ್ಲು. ನಂಗೆ ಚೆನ್ನಾಗಿ ನೆನಪಿದೆ," ಎಂದೆ.

"ನಿಂಗೆ ಹಾಕ್ತಿದ್ಲು," ಎಂದಳು ಅಕ್ಕ, ಕಾಫಿ ಸೋಸುತ್ತಾ. "ಮನೇಲಿ ತುಪ್ಪ ಇರ್ತಿದ್ದಿದ್ದೇ ಒಂದು ಎಲೆಗೆ ಆಗೋವಷ್ಟು. ನೀನು ಚಿಕ್ಕೋಳು, ನಿಂಗೆ. ನಮಗೆಲ್ಲ ಹಾಲು ಹಾಕಿ, ಹೋಳಿಗೆಗೆ ಹಾಲೇ ರುಚಿ ಅಂತಿದ್ಲು. ನಾವೂ ಹೌದು ಅಂದ್ಕೊಂಡ್ವಿ. ಈಗ್ಲೂ ನಂಗೆ ಹಾಲೇ ರುಚಿ."

ಅವಳು ಅದನ್ನು ಬೇಸರದಿಂದ ಹೇಳಲಿಲ್ಲ. ಸಕ್ಕರೆ ಸಾಕಾ ಎಂದು ಕೇಳುವ ಧ್ವನಿಯಲ್ಲೇ ಹೇಳಿದಳು. ನಾನು ಅಲ್ಲೇ ಕೂತು ಫೋನಿನಲ್ಲಿ ಬ್ಲಾಗಿನ ಸರಿಯುತ್ತರವನ್ನು ತುಪ್ಪದಿಂದ ಹಾಲಿಗೆ ಬದಲಿಸಿದೆ. ಅಕ್ಕ ಕನ್ನಡಕ ಏರಿಸಿಕೊಂಡು, ತನ್ನ ಫೋನಿನಲ್ಲಿ ಹಾಲು ಎಂದು ಒತ್ತಿ, ಅವಳನ್ನೇ ಹೊಗಳಿದ್ದ ಲೇಖನದ ಕೆಳಗೆ ಬರೆದಳು: "ಚೆನ್ನಾಗಿದೆ. ಸ್ವಲ್ಪ ಉದ್ದ ಆಯ್ತು."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳಿಗೆ ಉತ್ತರ ಬರೆಯಲು ಕೂತೆ. ಈ ಹೊಸ ಬ್ಲಾಗಿಗೆ ಒಡತಿ, ಹೊರಗಿನವರು ಎಂಬ ಭೇದವಿಲ್ಲ, ನನ್ನನ್ನೂ ಹೋಳಿಗೆಯ ಪ್ರಶ್ನೆ ಕೇಳಿತು. ಬೆರಳು ಅಭ್ಯಾಸಬಲದಿಂದ ತುಪ್ಪ ಎಂದೇ ಒತ್ತಿತು.

ನೀವು ಮನುಷ್ಯರೆಂದು ಖಾತ್ರಿಯಾಗಿಲ್ಲ, ಎಂದಿತು.