ಇಂಜಿನಿಯರಮ್ಮನ ಜಗಲಿ

ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡಿದು ಬರುವಾಗ ಕಾಲಿನ ಹೆಬ್ಬೆರಳು ಮತ್ತೆ ಆ ಜಗಲಿಗೆ ತಗುಲಿತು. ಜಗಲಿ ಮನೆಯ ಹೊರಗಿರಬೇಕು ಎಂದು ನೀವೂ ನಂಬಿರುತ್ತೀರಿ. ಬಂಗಾರಪೇಟೆ ಹತ್ತಿರದ ನಮ್ಮ ಮನೆಯಲ್ಲಿ ಅದು ನಡುಮನೆಯೊಳಗಿದೆ. ಅಡುಗೆಮನೆಯಿಂದ ಬಾಗಿಲಿಗೆ ಹೋಗಲು ಅದನ್ನು ಹತ್ತಿ ಇಳಿಯಲೇಬೇಕು. ಅಮ್ಮನ ಮಂಡಿಗೆ ಈಗ ಅದು ಆಗುತ್ತಿಲ್ಲ. ಒಡೆಸಿಬಿಡೋಣವೆಂದು ಮೇಸ್ತ್ರಿಗೆ ಹೇಳಿ ಕಳಿಸಿದ್ದೆ.

ನಕ್ಷೆ ಬರೆದು ಮನೆ ಕಟ್ಟಿಸಿದವರು ಆಂಡರ್ಸನ್‌ಪೇಟೆಯ ಸೆಲ್ವಿಯವರು. ಆರ್ಕಿಟೆಕ್ಟ್ ಅಂದರೆ ನಮ್ಮೂರಲ್ಲಿ ಯಾರಿಗೂ ತಿಳಿಯದು, ಎಲ್ಲರಿಗೂ ಇಂಜಿನಿಯರಮ್ಮ. ವಾರವಿಡೀ ಮನೆ ಕಟ್ಟಿಸುವುದು, ಭಾನುವಾರ ನಾಟಕ ಆಡಿಸುವುದು, ಇಷ್ಟೇ ಅವರ ಬದುಕು.

"ಮನೆ ಒಳಗ್ ಜಗ್ಲಿ ಯಾಕಮ್ಮಾ?" ಎಂದು ಅಪ್ಪ ಕೇಳಿದ್ದಕ್ಕೆ, "ಗಾಳಿಗಣ್ಣಾ" ಅಂದರು. ಅಪ್ಪ ನಂಬಿದ. ಹಸು ಕೊಳ್ಳುವಾಗಲೂ ಅವನು ಹೀಗೇ ನಂಬುತ್ತಿದ್ದ.

ಗೃಹಪ್ರವೇಶದ ಸಂಜೆ ಗುಟ್ಟು ಬಯಲಾಯಿತು. ಇಂಜಿನಿಯರಮ್ಮ ತಂಡದೊಂದಿಗೆ ಬಂದು, ಜಗಲಿಯ ಮೇಲೆ ನಮ್ಮದೇ ಕುರ್ಚಿ ಹಾಕಿ, ಅದರಲ್ಲೊಬ್ಬ ಸೋಮಾರಿ ರಾಜನನ್ನು ಮಲಗಿಸಿ ನಾಟಕ ಶುರು ಮಾಡಿಯೇಬಿಟ್ಟರು. ತಮ್ಮ ಪಕ್ಕದ ರಾಬರ್ಟ್‌ಸನ್‌ಪೇಟೆಯಲ್ಲಿ ನಾಟಕಕ್ಕೆ ಜಾಗ ಸಿಗದೆ, ತಾವು ಕಟ್ಟಿಸಿದ ಪ್ರತಿ ಮನೆಯಲ್ಲೂ ಒಂದು ರಂಗಸ್ಥಳ ಅಡಗಿಸಿಟ್ಟಿದ್ದರು. ಜಗಳಕ್ಕೆ ಹೊರಟ ಅಪ್ಪ ನಾಟಕದ ಎರಡು ಮಾತು ಕೇಳಿ ಮುಂದಿನ ಸಾಲಿನಲ್ಲಿ ಕೂತುಬಿಟ್ಟ.

ಆಗ ಅಡುಗೆಮನೆಯಿಂದ ಅಮ್ಮ ಹಾಲಿನ ಕ್ಯಾನು ಹಿಡಿದು ಬಂದಳು. ಬಾಗಿಲಿಗೆ ಬೇರೆ ದಾರಿ ಎಲ್ಲಿದೆ? ಜಗಲಿಯ ನಡುವೆ ನಿಂತು ಅಪ್ಪನಿಗೆ, "ಅಸು ಕಿರ್ಚ್ಕಂತಾ ಐತೆ, ಡೈರಿ ಮುಚ್ಚೋ ಒತ್ತಾಯ್ತು, ನೀವ್ ಇಲ್ ಕುಂತಿದ್ದೀರಾ? ಏಳ್ರೀ ಮೇಲೆ" ಅಂದಳು. ಎದ್ದು ನಿಂತವನು ರಾಜ. ಜನ ಬಿದ್ದು ಬಿದ್ದು ನಕ್ಕು ಚಪ್ಪಾಳೆ ಹೊಡೆದರು. ಅಮ್ಮನ ಮಾತಿಗೆ ಇಷ್ಟು ಮಂದಿ ಕಿವಿಗೊಟ್ಟಿದ್ದು ಅದೇ ಮೊದಲು.

ನಾಟಕ ಮುಗಿದ ಮೇಲೆ ಇಂಜಿನಿಯರಮ್ಮ ಅಡುಗೆಮನೆಗೇ ಬಂದರು. "ಅಕ್ಕಾ, ಬರೋ ಭಾನ್ವಾರ ಬೇತಮಂಗಲದಲ್ಲಿ ಇದೇ ನಾಟ್ಕ. ಹಿಂಗೇ ಬಂದು ಬೈದ್ಬಿಡಿ."

"ನಂಗೇನ್ ಬ್ಯಾರೆ ಕೆಲ್ಸ ಇಲ್ವಾ?" ಅಂದ ಅಮ್ಮ, ಶನಿವಾರವೇ ರೇಷ್ಮೆ ಸೀರೆ ತೆಗೆದಿಟ್ಟಳು. ಆಮೇಲೆ ಅದೆಷ್ಟು ಊರುಗಳಲ್ಲಿ ಎಷ್ಟು ರಾಜರನ್ನು ಎಬ್ಬಿಸಿದಳೋ.

ಇವತ್ತು ಒಡೆಯುವ ಮುಂಚೆ ಹೇಳುವುದು ಮರ್ಯಾದೆಯೆಂದು ಇಂಜಿನಿಯರಮ್ಮನಿಗೆ ಫೋನು ಮಾಡಿದೆ. ಅವರಿಗೆ ವಯಸ್ಸಾಗಿದೆ, ತುಂಟತನಕ್ಕೆ ಆಗಿಲ್ಲ. "ಮನೆ ನಿಮ್ದು, ಒಡೀರಿ. ಅಮ್ಮನ್ನ ಮಾತ್ರ ಒಂದ್ ಮಾತ್ ಕೇಳ್ಬಿಡಿ" ಅಂದರು.

ಕೇಳಬೇಕಾಗಲಿಲ್ಲ. ಮೇಸ್ತ್ರಿ ಬಂದು ಸುತ್ತಿಗೆ ಎತ್ತುವಷ್ಟರಲ್ಲಿ ಅಮ್ಮ ಮಂಡಿ ಹಿಡಿದುಕೊಂಡು ಜಗಲಿ ಹತ್ತಿ ನಿಂತಿದ್ದಳು. "ಇದ್ನ ಒಡ್ದಾಕ್ಬಿಟ್ರೆ ನಾನ್ ಎಲ್ ನಿಂತ್ಕಂಡ್ ಬಯ್ಲಿ?"

ಉಪಕಾರ ಮಾಡಲು ಹೊರಟು ಅವಳದೆನ್ನುವ ಜಾಗವನ್ನೇ ಕಿತ್ತುಕೊಳ್ಳುತ್ತಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಹಿಡಿದು ಹತ್ತಲು ಒಂದು ಕಂಬಿ ಹಾಕಿಕೊಡಪ್ಪ ಎಂದು ಮೇಸ್ತ್ರಿಗೆ ಹೇಳಿದೆ.

ಅಮ್ಮ ಇಳಿಯಲಿಲ್ಲ. ಅಲ್ಲಿಂದಲೇ ಅವನಿಗೆ ಕೈ ಮಾಡಿ ತೋರಿಸಿದಳು. "ಆ ಮೂಲೆಗ್ ಆಕು. ನೋಡೋರ್ಗೆ ಅಡ್ಡ ಬರ್ಬಾರ್ದು."