ಅತ್ತೆಯ ದನಿಗೆ ಕಂಪ್ರೆಸರ್

ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಿಂದ ಕಂಪ್ರೆಸರ್ ತಂದ ದಿನ ನನಗೆ ಊಟ ಸೇರಲಿಲ್ಲ. ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದವನೇ ಅದನ್ನು ಎದೆಗವಚಿಕೊಂಡು ಅಂಗಡಿಗೆ ಓಡಿದೆ. ತೊಂಬತ್ತರ ದಶಕದ ನಡುವಿನ ಮಾತು, ಆಗ ನನ್ನದು ಮೈಕ್‌ಸೆಟ್ ಅಂಗಡಿ. ಹಿಂದಿನ ಕೋಣೆಯ ಗೋಡೆಗಳಿಗೆ ಹಳೇ ಕಂಬಳಿ, ಗೋಣಿಚೀಲ ಬಡಿದು ‘ರೆಕಾರ್ಡಿಂಗ್ ಸ್ಟುಡಿಯೋ’ ಎಂದು ಬೋರ್ಡು ಬೇರೆ ಹಾಕಿಕೊಂಡಿದ್ದೆ. ಟಯರಿಗೆ ಗಾಳಿ ತುಂಬುವುದಾ ಎಂದು ಅಪ್ಪ ಕೇಳಿದರು. ಅಲ್ಲ, ಗಂಟಲಿಗೆ ಎಂದೆ.

ಹಾಡುವವರ ದನಿ ಏಕಾಏಕಿ ಏರಿದರೆ ಈ ಯಂತ್ರ ತಾನಾಗಿ ತಗ್ಗಿಸುತ್ತದೆ. ಹಾಲು ಉಕ್ಕಿ ಬರುವಾಗ ಉರಿ ಸಣ್ಣ ಮಾಡಿದ ಹಾಗೆ. ಏರಿದ್ದು ಹತೋಟಿಗೆ ಬಂದಮೇಲೆ ಒಟ್ಟು ದನಿಯನ್ನೇ ಮೇಲೆತ್ತಬಹುದು, ಆಗ ಪಿಸುಮಾತೂ ಕೇಳುತ್ತದೆ. ಇಷ್ಟನ್ನು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳಿ ಹೇಳಿ ತಲೆ ತಿಂದಿದ್ದೆ.

ಅದು ಬೇಕಾಗಿದ್ದದ್ದು ಅಪ್ಪನ ತಂಗಿಗಾಗಿ, ನನ್ನ ಸೊರಬದ ಅತ್ತೆಗಾಗಿ. ಸೋಬಾನೆ ಎಂದರೆ ಅತ್ತೆ ಎನ್ನುವ ಕಾಲವೊಂದಿತ್ತು. ಮೈಕಿಲ್ಲದೆ ಚಪ್ಪರದ ಆಚೆ ತುದಿಗೆ ಮುಟ್ಟಿಸುತ್ತಿದ್ದಳು. ಮಾವ ತೀರಿಕೊಂಡಮೇಲೆ ಯಾರೂ ಕರೆಯಲಿಲ್ಲ. ಶುಭಕಾರ್ಯದಲ್ಲಿ ಹಾಡುವವರು ಮುತ್ತೈದೆಯರೇ ಆಗಬೇಕಲ್ಲ. ಈಗ ಅವಳ ಒಬ್ಬಳೇ ಮಗಳ ಮದುವೆ ಗೊತ್ತಾಗಿತ್ತು. ಮನೆಯ ಹಿರಿಯರಾದ ಅತ್ತೆಯ ಭಾವ, ಮಾವನ ಅಣ್ಣ, ಅವಳು ಅಡುಗೆಮನೆ ಕಡೆ ನೋಡಿಕೊಳ್ಳಲಿ ಎಂದುಬಿಟ್ಟಿದ್ದರು. ಅತ್ತೆ ಹೂಂ ಎಂದಳು. ನನಗೆ ಮೈಯೆಲ್ಲ ಉರಿಯಿತು. ಆ ಮದುವೆಗೆ ಮೈಕ್‌ಸೆಟ್ ಹೇಗೂ ನನ್ನದೇ. ಅತ್ತೆ ಚಪ್ಪರಕ್ಕೆ ಬರಬಾರದು, ಸರಿ. ಅತ್ತೆಯ ಕ್ಯಾಸೆಟ್ ಬರಬಾರದು ಎಂದು ಯಾರೂ ಹೇಳಿರಲಿಲ್ಲ!

ಮದುವೆ ಬಟ್ಟೆ ತೆಗೆಯುವ ನೆಪದಲ್ಲಿ ಅತ್ತೆ ಶಿಕಾರಿಪುರಕ್ಕೆ ಬಂದಳು. ಫ್ಯಾನ್ ಆರಿಸಿ, ಬಾಗಿಲು ಹಾಕಿ, ಮೈಕಿನ ಮುಂದೆ ಸ್ಟೂಲಿನ ಮೇಲೆ ಕೂರಿಸಿದೆ. ಮೊದಲು ಕಂಪ್ರೆಸರ್ ಇಲ್ಲದೆಯೇ ಹಾಡಿಸಿದೆ, ವ್ಯತ್ಯಾಸ ತೋರಿಸುವ ಜಂಬ ನನ್ನದು. ಚಪ್ಪರ ತುಂಬುವ ದನಿ ಆ ಗೂಡಿನಂಥ ಕೋಣೆಯಲ್ಲಿ ಎದ್ದದ್ದೇ ತಡ, ಮೀಟರಿನ ಮುಳ್ಳು ಕೆಂಪಿಗೆ ಬಡಿದು ಅಲ್ಲೇ ಕೂತಿತು. ಟೇಪು ತಿರುಗಿಸಿ ಕೇಳಿದರೆ ಮೇಲಿನ ಸ್ವರಗಳೆಲ್ಲ ಹರಿದು ಚಿಂದಿ. ಕೊನೆಗೆ ಹೆಣ್ಣೊಪ್ಪಿಸುವ ಹಾಡಿನಲ್ಲಿ ಅವಳು ದನಿ ಇಳಿಸುವ ಕಡೆ ಏನೂ ಇಲ್ಲ, ಬರೀ ಸುಯ್ ಎನ್ನುವ ಸದ್ದು.

ಈಗ ನೋಡು ಅತ್ತೆ ಎಂದು ಕಂಪ್ರೆಸರಿನ ಗುಂಡಿಗಳನ್ನು ಉತ್ಸಾಹದಲ್ಲಿ ಕೊನೆಯವರೆಗೂ ತಿರುಗಿಸಿದೆ. ಎಷ್ಟೆಂದರೂ ಮೈಕ್‌ಸೆಟ್ಟಿನವನು, ಎಲ್ಲ ಜೋರಾಗಿ ಕೇಳಿದರೆ ಅದೇ ಚೆಂದ ಎಂದು ನಂಬಿದವನು. ಮುಳ್ಳು ಒಂದೇ ಕಡೆ ನಿಂತಿತು. ನಾನು ಕುಣಿಯುವುದೊಂದು ಬಾಕಿ. ಅತ್ತೆ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದಳು.

“ಇದು ನಾನಲ್ಲ ಮಾರಾಯ,” ಎಂದಳು. “ಮಗಳನ್ನ ಒಪ್ಪಿಸೋಳು ಹಿಂಗೆ ಒಂದೇ ಸಮ ಹಾಡ್ತಾಳೇನೋ?”

ನಿಜವೇ. ಏರಿಳಿತವೇ ಇಲ್ಲ, ರೇಡಿಯೋದಲ್ಲಿ ವಾರ್ತೆ ಓದಿದಂತಿತ್ತು. ಯಂತ್ರ ದಾಟಿ ಟೇಪಿಗೆ ಇಳಿದದ್ದನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಗುಂಡಿಗಳನ್ನೆಲ್ಲ ಹಿಂದಕ್ಕೆ ತಂದೆ. ಅತ್ತೆ ತೀರಾ ಮೇಲೆ ಹೋದಾಗ ಮಾತ್ರ ಮೆಲ್ಲಗೆ ಹಿಡಿದು ಬಿಡುವಷ್ಟು ಇಟ್ಟೆ. ಅತ್ತೆಯನ್ನೂ ಮೈಕಿನಿಂದ ಒಂದು ಮೊಳ ಹಿಂದೆ ಸರಿಸಿದೆ. ಈ ಸಲ ಅವಳು ಕಣ್ಣು ಮುಚ್ಚಿ ಹಾಡಿದಳು. ಮುಳ್ಳು ಏರಿತು, ಇಳಿಯಿತು, ಕೆಂಪಿನ ಅಂಚಿಗೆ ಬಂದು ಹಿಂದಿರುಗಿತು. ನನ್ನ ತೋಳಿನ ರೋಮಗಳೆಲ್ಲ ಎದ್ದು ನಿಂತಿದ್ದವು. ಸಿಕ್ಕಿತು, ಸಿಕ್ಕೇಬಿಟ್ಟಿತು!

ಒಂದೇ ಒಂದು ಕೊರತೆ. ತಗ್ಗಿನ ಸಾಲಿಗೆ ಮುಂಚೆ ಅವಳು ತಡೆದು ಎಳೆದುಕೊಂಡ ಉಸಿರು, ನಡುಗುತ್ತಾ, ಸ್ಪಷ್ಟವಾಗಿ ಟೇಪಿಗೆ ಬಂದಿತ್ತು. ಮೆಲುವಾದದ್ದನ್ನು ಮೇಲೆತ್ತಿದರೆ ಉಸಿರೂ ಜತೆಗೇ ಏಳುತ್ತದೆ. ಆ ಜಾಗ ಮಾತ್ರ ಇನ್ನೊಮ್ಮೆ ಹಾಡು ಎಂದೆ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. “ಒಂದ್ಸಲ ಒಪ್ಪಿಸಿ ಆಯ್ತು ಕಣೋ. ಇನ್ನೊಂದ್ಸಲ ನನ್ ಕೈಲಿ ಆಗಲ್ಲ.”

ಸೊರಬದ ಮದುವೆ ಚಪ್ಪರದಲ್ಲಿ ಹಾರ್ನ್ ಸ್ಪೀಕರನ್ನು ಅಡುಗೆಮನೆಗೂ ಕೇಳುವ ಹಾಗೆ ಕಟ್ಟಿದ್ದೆ. ಹೆಣ್ಣೊಪ್ಪಿಸುವ ಹೊತ್ತಿಗೆ ಹಾಡುವವರು ನೀನು ಹೇಳು ನೀನು ಹೇಳು ಎಂದು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ನಾನು ಗುಂಡಿ ಒತ್ತಿದೆ. ಮೊದಲ ಸಾಲಿಗೇ ಊಟದ ಪಂಕ್ತಿಯ ಗದ್ದಲ ನಿಂತಿತು. ದನಿ ಎಲ್ಲೂ ಒಡೆಯಲಿಲ್ಲ, ಎಲ್ಲೂ ಮುಳುಗಲಿಲ್ಲ. ಅತ್ತೆಯ ಭಾವ ನನ್ನ ಕಡೆ ತಿರುಗಿದರು. ಬೈಯಲು ಬಾಯಿ ತೆರೆದರೋ ಏನೋ, ಅಷ್ಟರಲ್ಲಿ ಆ ಉಸಿರು ಬಂತು.

ಇಡೀ ಚಪ್ಪರಕ್ಕೆ ಕೇಳಿಸಿತು. ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಮದುಮಗಳು ತಟ್ಟನೆ ಎದ್ದು ಅಡುಗೆಮನೆಯ ಬಾಗಿಲ ಕಡೆ ನಡೆದೇಬಿಟ್ಟಳು. ಸೆರಗಿಗೆ ಗಂಟು ಹಾಕಿದ್ದ ಶಲ್ಯ ಜಗ್ಗಿ, ಮದುಮಗನೂ ಎದ್ದು ಹಿಂದೆಯೇ ಹೋದ. ಯಾರೂ ತಡೆಯಲಿಲ್ಲ, ಅತ್ತೆಯ ಭಾವನೂ. ಬಾಗಿಲಲ್ಲಿ ಅತ್ತೆ ಹಿಟ್ಟಿನ ಕೈಯಲ್ಲೇ ಮಗಳನ್ನು ಹಿಡಿದುಕೊಂಡಳು. ಅವಳ ತುಟಿ ಅಲುಗುವುದು ನನಗೆ ದೂರದಿಂದಲೇ ಕಂಡಿತು.

ನಾನು ಟೇಪು ನಿಲ್ಲಿಸಿದೆ. ಉಳಿದ ಸಾಲುಗಳನ್ನು ಅತ್ತೆ ತಾನೇ, ಚಪ್ಪರದ ಆಚೆ ತುದಿಗೆ ಮುಟ್ಟುವ ಹಾಗೆ ಹಾಡಿದಳು.