ನಾಲ್ಕು ಮೂಲೆಗಳ ಚುಕ್ಕಿ

ಬೆಳಿಗ್ಗೆ ಐದೂಮುಕ್ಕಾಲು. ಅಬೀದಾ ತಗಡು ಕತ್ತರಿಸುತ್ತಿದ್ದಾರೆ.

ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ, ಪೂರ್ವಕ್ಕೆ ಒಂದೇ ಕಿಟಕಿಯಿರುವ ಕೋಣೆ. ಎರಡು ಅಡಿ ಚೌಕದ ತಗಡಿನಲ್ಲಿ ಗುರುತಿಸಿದ ನಾಲ್ಕು ಚೌಕಗಳ ಮೇಲೆ ಕೈವಾರ ಒಂದೊಂದು ಸುತ್ತು ಗೀರುತ್ತದೆ, ಕತ್ತರಿ ಅದರ ಬೆನ್ನು ಹಿಡಿಯುತ್ತದೆ. ದುಂಡು ಬಿಲ್ಲೆ ಡಬ್ಬಿಯ ಮುಚ್ಚಳಕ್ಕೆ ಹೋಗುತ್ತದೆ. ಪ್ರತಿ ಚೌಕದಲ್ಲಿ ಉಳಿದ ನಾಲ್ಕು ಮೂಲೆಗಳನ್ನು ಒಂದಕ್ಕೊಂದು ತಾಗಿಸಿ ತಂತಿ ಬಿಗಿದರೆ ನಾಲ್ಕು ಮೊನೆಯ ಚುಕ್ಕಿ. ಕಿಟಕಿಯಲ್ಲಿ ಅಂಥವು ಹನ್ನೊಂದು ತೂಗುತ್ತಿವೆ. ಸೂರ್ಯ ಏರಿದಂತೆ ಅವುಗಳ ಬೆಳಕು ಗೋಡೆಯ ಮೇಲೆ ನಿಧಾನವಾಗಿ ಈಜುತ್ತದೆ.

"ಕೆಲಸಕ್ಕ ಬರೂದಿಲ್ರಿ ಅವು. ನೋಡಾಕ ಛಲೋ ಕಾಣ್ತಾವು, ಇರ್ಲಿ ಅಂತ ಬಿಟ್ಟೇನಿ," ಎನ್ನುತ್ತಾರೆ ನೋಡಬಂದವರಿಗೆ.

ಅಬೀದಾಗೆ ಐವತ್ತೆಂಟು ವರ್ಷ. ಕತ್ತರಿ ತಂದೆ ಮಕಬೂಲಸಾಬರದು. ದಿನಕ್ಕೆ ಇಪ್ಪತ್ತೈದು ತಗಡು, ಎಡ ಹೆಬ್ಬೆರಳಿನಲ್ಲಿ ಏಳು ಹೊಲಿಗೆಯ ಗುರುತು. ಬಿಲ್ಲೆ ತೆಗೆದು ಉಳಿದ ತುಣುಕು ಕತ್ತರಿಸಿದವರಿಗೆ ಸೇರಿದ್ದು ಎಂಬುದು ಈ ಕಸುಬಿನ ರೂಢಿ. ಇತ್ತೀಚೆಗೆ ಅದೇ ಅವರಿಗೆ ಮುಳುವಾಗಿತ್ತು.

ಮೊದಲು ಶಿರಗುಪ್ಪಿಯ ರೈತರ ಕಾಳಿನ ಡಬ್ಬಿಗೆ ಎರಡು ಅಡಿಯ ಮುಚ್ಚಳ ಬೇಕಿತ್ತು. ಈಗ ಒಂದು ಅಡಿಯದು ಸಾಕು, ಒಂದು ತಗಡಿಗೆ ನಾಲ್ಕು. ಕಳೆದ ಶುಕ್ರವಾರ, ತಗಡು ಕಳಿಸುವ ಡಬ್ಬಿ ವ್ಯಾಪಾರಿ ಮುರುಗೆಪ್ಪ ಬಂದವರು ಚೀಲದಲ್ಲಿದ್ದ ತುಣುಕು ನೋಡಿ ಹುಬ್ಬು ಗಂಟಿಕ್ಕಿದರು.

"ಅಬೀದಾಬಿ, ಬಿಲ್ಲಿ ಸಣ್ಣವಾದ್ವು. ತುಣಕ ಕಮ್ಮಿ ಆಗಬೇಕಲ್ಲ? ಮೊದಲಿನಷ್ಟ ಐತಿ. ನನ್ನ ತಗಡಿನ ಪತ್ರಾ ಎಲ್ಲಿ ಸೋರಾಕತ್ತೈತಿ?"

"ನಾ ರೊಟ್ಟಿ ತಿಂತೇನ್ರಿ ಸಾವಕಾರ್ರ, ಪತ್ರಾ ತಿನ್ನಂಗಿಲ್ಲ."

"ಚ್ಯಾಷ್ಟಿ ಬ್ಯಾಡ. ಲೆಕ್ಕ ತಿಳೀಲಿಲ್ಲಂದ್ರ ಸೋಮವಾರದಿಂದ ಮಾಲು ನವನಗರದ ಮಷಿನ್ನಿಗೆ ಹೋಗ್ತೈತಿ."

ಕೆಲಸ ಹೋದರೆ ಮತ್ತೊಂದು ಸಿಕ್ಕೀತು. ಕಳ್ಳಿ ಎಂಬ ಹೆಸರು ಓಣಿ ದಾಟಿದರೆ ತಿರುಗಿ ಬರುವುದಿಲ್ಲ. ಅಬೀದಾ ಪಕ್ಕದ ಕಿರಾಣಿ ಅಂಗಡಿಯಿಂದ ತಕ್ಕಡಿ ತರಿಸಿದರು. ಒಂದು ತಟ್ಟೆಯಲ್ಲಿ ಹಳೆಯ ಅಳತೆಯ ಒಂದು ದೊಡ್ಡ ಬಿಲ್ಲೆ, ಇನ್ನೊಂದರಲ್ಲಿ ನಾಲ್ಕು ಸಣ್ಣವು. ತಟ್ಟೆಗಳು ಸ್ವಲ್ಪ ತೂಗಾಡಿ, ಉಸಿರು ಬಿಗಿಹಿಡಿದಂತೆ ಸಮ ನಿಂತವು.

ಬಿಲ್ಲೆಗಳ ತೂಕ ಸಮವೆಂದರೆ ಉಳಿದದ್ದೂ ಸಮ. ತಗಡಿನ ನಾಲ್ಕು ಚದರಡಿಯಲ್ಲಿ ಮೂರು ಚದರಡಿಗೆ ತುಸು ಹೆಚ್ಚು ಬಿಲ್ಲೆಗೆ ಹೋಗುತ್ತದೆ, ಬಿಲ್ಲೆ ಒಂದಾದರೂ ನಾಲ್ಕಾದರೂ.

"ಹದಿನಾರು ಕೊರದ್ರೂ ಇಷ್ಟ ಉಳೀತೈತ್ರಿ," ಎಂದರು ಅಬೀದಾ. "ಚುಕ್ಕಿ ಸಣ್ಣವಾಗ್ತಾವು, ಭಾಳ ಆಗ್ತಾವು. ಅಷ್ಟ."

ಮುರುಗೆಪ್ಪ ತಕ್ಕಡಿಯನ್ನು ಎರಡು ಸಲ ಬೆರಳಿನಿಂದ ತಟ್ಟಿ ನೋಡಿದರು. ಚಪ್ಪಲಿ ಮೆಟ್ಟಿ ಹೋದರು.

ಸೋಮವಾರ ಬೆಳಿಗ್ಗೆ ಐದೂವರೆಗೆ ಮುರುಗೆಪ್ಪನವರ ಇಪ್ಪತ್ತೈದು ತಗಡು ಬಂದವು.